ಆಸ್ಪತ್ರೆ ಲಾಂಡ್ರಿಯ ಜೇಬಕ್ಕ

ನನ್ನ ಅಕ್ಷರ ಚೆನ್ನಾಗಿದೆ. ಜಂಬಕ್ಕೆ ಹೇಳುತ್ತಿಲ್ಲ, ನನ್ನ ತಪ್ಪು ಶುರುವಾದದ್ದೇ ಅಲ್ಲಿಂದ. ಇಪ್ಪತ್ತಾರು ವರ್ಷದಿಂದ ಒಂದು ಶಾಲೆಯ ಆಫೀಸಿನಲ್ಲಿದ್ದೇನೆ. ಬಹುಮಾನದ ಪ್ರಮಾಣಪತ್ರಗಳಲ್ಲಿ ಮಕ್ಕಳ ಹೆಸರು ಬರೆಯುವುದು ನಾನೇ. ನಮ್ಮ ಕಟ್ಟಡದಲ್ಲೂ ‘ನಲ್ಲಿ ನಿಲ್ಲಿಸಿ’, ‘ಸೈಕಲ್ ಇಲ್ಲಿ ಇಡಬೇಡಿ’ ಎಂಬ ಚೀಟಿಗಳೆಲ್ಲ ನನ್ನ ಕೈಯವೇ. ಹಾಗಾಗಿ ಕೊರೊನಾ ಬಂದ ಮೂರನೇ ವಾರ ಕಟ್ಟಡದ ಸೆಕ್ರೆಟರಿ ನನ್ನ ಬಾಗಿಲ ಮುಂದೆ ಕಾಗದ, ಮಾರ್ಕರ್ ಪೆನ್ನು ಇಟ್ಟು, ಆರಡಿ ಹಿಂದೆ ಸರಿದು, “ನೀವು ಬರೆದ್ರೆ ಲಕ್ಷಣವಾಗಿರುತ್ತೆ ಮೇಡಂ” ಅಂದರು. ಬರೆದುಕೊಟ್ಟೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಹಿಂದಿನ ಕಬ್ಬಿಣದ ಮೆಟ್ಟಿಲನ್ನೇ ಬಳಸತಕ್ಕದ್ದು. ಲಿಫ್ಟ್ ಮುಟ್ಟತಕ್ಕದ್ದಲ್ಲ. ತಾರಸಿಯ ಮೇಲೆ ಬಟ್ಟೆ ಒಣಗಿಸತಕ್ಕದ್ದಲ್ಲ. ‘ಮಾಡುವವರು’ ಅಂತ ಮರ್ಯಾದೆಯಾಗಿ ಬಹುವಚನ ಹಾಕಿದ್ದೆ. ನಮ್ಮ ಕಟ್ಟಡದಲ್ಲಿ ಅಂಥವರು ಇದ್ದದ್ದು ಒಬ್ಬರೇ, ಐದನೇ ಮಹಡಿಯ ಒಂಟಿ ಕೋಣೆಯ ಹೆಂಗಸು. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಕೆಲಸ. ಗಂಡ ಹೋಗಿ ಹತ್ತು ವರ್ಷ, ಮಗಳು ಮದುವೆಯಾಗಿ ದೂರದಲ್ಲಿದ್ದಳು. ಆಕೆಯ ಬಗ್ಗೆ ಆಗ ನನಗೆ ಗೊತ್ತಿದ್ದದ್ದು ಇಷ್ಟೇ. ಆಸ್ಪತ್ರೆಯಲ್ಲಿ ಅವರನ್ನು ಜೇಬಕ್ಕ ಅನ್ನುತ್ತಾರೆ ಅಂತ ತಿಳಿದದ್ದು ಆಮೇಲೆ. ಆ ಮೊದಲು ನಾವು ಯಾರೂ ಅವರನ್ನು ಏನೆಂದೂ ಕರೆದಿರಲಿಲ್ಲ, ಕರೆಯುವ ಪ್ರಸಂಗವೇ ಬಂದಿರಲಿಲ್ಲ.

ಅದೇ ವಾರ ಒಂದು ಸಂಜೆ ಊರೆಲ್ಲ ಬಾಲ್ಕನಿಗೆ ಬಂದು ಆಸ್ಪತ್ರೆಯವರಿಗಾಗಿ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಸೆಕ್ರೆಟರಿ ಅಂತೂ ಕೈ ಕೆಂಪಾಗುವ ತನಕ ತಟ್ಟಿ, ಕೊನೆಗೆ ಕಣ್ಣೊರೆಸಿಕೊಂಡರು. ಆ ಗದ್ದಲದ ಮಧ್ಯೆ ಹಿಂದಿನ ಕಬ್ಬಿಣದ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ಕೇಳಿಸಿತು. ಎಂಟು ಗಂಟೆ ನಿಂತು ಬಂದ ಕಾಲು, ಒಂದೊಂದೇ ಮೆಟ್ಟಿಲು ಹತ್ತಿ ಐದನೇ ಮಹಡಿಗೆ ಹೋಯಿತು. ಕೇಳಿಸಿಕೊಂಡೇ ಚಪ್ಪಾಳೆ ತಟ್ಟಿದೆ. ಇದನ್ನು ಬರೆಯುವಾಗ ಈಗಲೂ ನನಗೆ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ಆ ದಿನಗಳಲ್ಲಿ ಎಲ್ಲರ ತಲೆಯೂ ಒಂದು ಸುತ್ತು ಸಡಿಲವಾಗಿತ್ತು ಅನ್ನಿ. ಸೆಕ್ರೆಟರಿ ಬೆಳಗಿನ ಪೇಪರನ್ನು ಇಸ್ತ್ರಿ ಮಾಡಿ ಓದುತ್ತಿದ್ದರು. ಎರಡನೇ ಮಹಡಿಯಾಕೆ ಟೊಮೇಟೊಗಳನ್ನು ಸೋಪು ಹಾಕಿ ತೊಳೆದು ಸಾಲಾಗಿ ಟವೆಲ್ ಮೇಲೆ ಮಲಗಿಸುತ್ತಿದ್ದರು. ಯಾರಾದರೂ ಕೆಮ್ಮಿದರೆ ಮೂರು ಮಹಡಿಯ ಕಿಟಕಿಗಳು ಒಟ್ಟಿಗೆ ಮುಚ್ಚುತ್ತಿದ್ದವು. ನಾನೂ ಏನು ಕಮ್ಮಿ ಇರಲಿಲ್ಲ, ಹಾಲಿನ ಪ್ಯಾಕೆಟ್ಟಿಗೆ ಸ್ನಾನ ಮಾಡಿಸಿಯೇ ಒಳಗೆ ಕರೆದುಕೊಳ್ಳುತ್ತಿದ್ದೆ.

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟದ್ದು ಅಪ್ಪ. ಮೂವತ್ತೆಂಟು ವರ್ಷ ಪೇಪರ್ ಅಚ್ಚಾಗುವ ಮಷಿನ್ ಪಕ್ಕ ನಿಂತು ಕಿವಿ ಕಳೆದುಕೊಂಡವರು. ಆ ಗರ್ಜನೆಯಲ್ಲಿ ಯಾರ ಮಾತೂ ಕೇಳಿಸುವುದಿಲ್ಲವಾದ್ದರಿಂದ ಅಲ್ಲಿಯವರೆಲ್ಲ ಒಬ್ಬರ ತುಟಿ ಒಬ್ಬರು ಓದುತ್ತಿದ್ದರಂತೆ. ಆ ವಿದ್ಯೆ ಅಪ್ಪನಿಗೆ ಮುಪ್ಪಿನಲ್ಲಿ ಕೈಹಿಡಿದಿತ್ತು. ಬಲಗಿವಿಗೆ ಕೇಳಿಸುವ ಪುಟ್ಟ ಮಷಿನ್, ಉಳಿದದ್ದಕ್ಕೆ ತುಟಿ. ಎದುರು ಬಾಲ್ಕನಿಯ ಗಂಡ ಹೆಂಡತಿಯ ಜಗಳವನ್ನು ಅಪ್ಪ ಒಂದಕ್ಷರ ಬಿಡದೆ ನನಗೆ ಒಪ್ಪಿಸುತ್ತಿದ್ದರು. ಮಾಸ್ಕ್ ಬಂದ ದಿನ ಅವರ ಪಾಲಿಗೆ ಊರಿಗೆ ಊರೇ ಬಾಯಿ ಮುಚ್ಚಿತು. ಅದೂ ಸಾಲದು ಅಂತ, ಒಂದೇ ಕಿವಿಯ ಹಿಂದೆ ಕನ್ನಡಕದ ಕಡ್ಡಿ, ಮಷಿನ್, ಮಾಸ್ಕಿನ ದಾರ. ಮಾಸ್ಕ್ ತೆಗೆದರೆ ಮಷಿನ್ ಹಾರಿ ಬೀಳುತ್ತಿತ್ತು. ಹಾಗಾಗಿ ಮಾಸ್ಕಿಗೆ ಕೈ ಹಾಕುವ ಮುಂಚೆ ಮಷಿನ್ ತೆಗೆದು ಅಂಗಿ ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಮಾಡಿಕೊಂಡರು.

ಒಂದು ಮಧ್ಯಾಹ್ನ ಅಪ್ಪನಿಗೆ ಉಸಿರು ಸಾಲದಾಯಿತು. ಆಂಬುಲೆನ್ಸ್ ಬಂತು. ಮೈತುಂಬ ಬಿಳಿ ಉಡುಪು ಹಾಕಿದ ಇಬ್ಬರು ಅಪ್ಪನನ್ನು ಕುರ್ಚಿ ಸಮೇತ ಇಳಿಸಿದರು. ನಾನು ಬಾಗಿಲಿಂದಲೇ ಕೂಗಿದೆ. “ಅಪ್ಪನಿಗೆ ಕಿವಿ ಕೇಳ್ಸಲ್ಲ, ಮಷಿನ್ ಇದೆ, ಜೋಪಾನ!” ಒಬ್ಬ ಕೈ ಎತ್ತಿ “ಆಯ್ತಮ್ಮ, ಆಯ್ತು” ಅಂದ. ಅವನಿಗೆ ಆ ದಿನ ಅದು ಎಷ್ಟನೇ ಮನೆಯೋ, ನನ್ನ ಮಾತು ಅಲ್ಲೇ ಮೆಟ್ಟಿಲಲ್ಲೇ ಉಳಿಯಿತು. ಅತ್ತ ಅಪ್ಪ, ಆಕ್ಸಿಜನ್ ಮಾಸ್ಕ್ ಹಾಕಲು ಬಂದ ಕೂಡಲೇ ಅಭ್ಯಾಸದಂತೆ ಮಷಿನ್ ತೆಗೆದು ಜೇಬಿಗೆ ಹಾಕಿಕೊಂಡರು. ಆಸ್ಪತ್ರೆಯಲ್ಲಿ ಅವರ ಬಟ್ಟೆ ಬದಲಿಸಿ, ಮನೆಯ ಅಂಗಿಯನ್ನು ಸೋಂಕಿನ ಬಟ್ಟೆಯ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು.

ನನಗೆ ಹದಿನಾಲ್ಕು ದಿನ ಮನೆಯಲ್ಲೇ ದಿಗ್ಬಂಧನ. ಸಂಜೆ ಹೊತ್ತಿಗೆ ನನ್ನ ಬಾಗಿಲಿಗೂ ಒಂದು ಚೀಟಿ ಬಿತ್ತು. ‘ಒಳಗೆ ಸೋಂಕು. ಹತ್ತಿರ ಹೋಗಬೇಡಿ.’ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ, ಸೆಕ್ರೆಟರಿಯೇ ಬರೆದದ್ದು. ಬರೆದುಕೊಡಲು ಈ ಸಲ ನನ್ನನ್ನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ವಾರ್ಡಿನಿಂದ ಡಾಕ್ಟರ ಫೋನ್ ಬಂತು. ಧ್ವನಿಯಲ್ಲಿ ಮೂರು ದಿನ ನಿದ್ದೆಯಿಲ್ಲದ ಸುಸ್ತು. “ನಿಮ್ಮ ತಂದೆಗೆ ಬುದ್ಧಿ ಸ್ವಾಧೀನದಲ್ಲಿಲ್ಲಮ್ಮ. ಹೇಳಿದ್ದು ತಲೆಗೆ ಹೋಗ್ತಿಲ್ಲ. ಆಕ್ಸಿಜನ್ ಮಾಸ್ಕ್ ಕಿತ್ತು ಕಿತ್ತು ಹಾಕ್ತಾರೆ, ಬೋರಲು ಮಲಗಿ ಅಂದ್ರೆ ಕಿರುಚ್ತಾರೆ. ಹೀಗೇ ಆದ್ರೆ ಉಳಿಯೋದು ಕಷ್ಟ. ಸಂಜೆವರೆಗೆ ನೋಡ್ತೀವಿ, ಆಮೇಲೆ ಮತ್ತಿನ ಔಷಧ ಕೊಟ್ಟು ಕೈ ಕಟ್ಟಬೇಕಾಗುತ್ತೆ.”

“ಡಾಕ್ಟ್ರೇ, ಅವ್ರಿಗೆ ಕಿವಿ...” ಅನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು.

ಆಮೇಲೆ ಆ ನಂಬರಿಗೆ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಒಂದೋ ಬಿಜಿ, ಇಲ್ಲವೇ ಸುಮ್ಮನೆ ಹೊಡೆದುಕೊಂಡು ನಿಲ್ಲುತ್ತಿತ್ತು. ಅಪ್ಪನ ಬುದ್ಧಿ ಎಷ್ಟು ನೆಟ್ಟಗಿದೆ ಅಂತ ನನಗೆ ಗೊತ್ತು. ಸುತ್ತ ಬಾಯಿಯಿಲ್ಲದ ಬಿಳಿ ಮನುಷ್ಯರು, ಮೂಗಿನ ಮೇಲೆ ಏನನ್ನೋ ಒತ್ತುತ್ತಾರೆ, ಯಾಕೆ ಅಂತ ಒಬ್ಬರೂ ಹೇಳುವುದಿಲ್ಲ. ಯಾರಾದರೂ ಕಿತ್ತು ಹಾಕುತ್ತಾರೆ, ನಾನಾದರೂ ಕಿತ್ತು ಹಾಕುತ್ತೇನೆ. ಇಷ್ಟನ್ನು ಒಬ್ಬರ ಕಿವಿಗೆ ಹಾಕಿದರೆ ಅಪ್ಪ ಉಳಿಯುತ್ತಾರೆ, ಆ ಒಬ್ಬರು ನನಗೆ ಸಿಗಲಿಲ್ಲ. ಸಂಜೆಯ ತನಕ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ನಡೆದೆ.

ಅದೇ ಹೊತ್ತಿಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಡೆದದ್ದನ್ನು ಜೇಬಕ್ಕನ ಬಾಯಿಂದಲೂ ವಾರ್ಡಿನ ನರ್ಸ್ ಬಾಯಿಂದಲೂ ಆಮೇಲೆ ಕೇಳಿದೆ.

ಆ ಲಾಂಡ್ರಿಯಲ್ಲಿ ಆಗ ಹೊಸ ನಿಯಮ ಬಂದಿತ್ತು. ಕೊರೊನಾ ವಾರ್ಡಿನ ಚೀಲ ಬಿಚ್ಚುವಂತಿಲ್ಲ, ನೀರಲ್ಲಿ ಕರಗುವ ಚೀಲವಾದ್ದರಿಂದ ಹಾಗೇ ಎತ್ತಿ ಕುದಿನೀರಿನ ಮಷಿನ್ನಿಗೆ ಹಾಕಬೇಕು. ಆದರೆ ಜೇಬು ನೋಡದೆ ಬಟ್ಟೆ ಹಾಕುವುದು ಜೇಬಕ್ಕನ ಕೈಗೆ ಒಗ್ಗದ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಅವರು ಜೇಬುಗಳಿಂದ ಏನೇನು ತೆಗೆದಿಲ್ಲ! ಹಲ್ಲಿನ ಸೆಟ್ಟುಗಳು, ಬೀಗದ ಕೈಗಳು, ಉಂಗುರಗಳು, ಬೇರೆಯವರ ಕನ್ನಡಕಗಳು. ಒಬ್ಬ ಬಲು ದೊಡ್ಡ ಡಾಕ್ಟರ ಬಿಳಿಕೋಟಿನಲ್ಲಿ ಪ್ರತಿ ವಾರ ಕಡಲೆಕಾಯಿ ಸಿಪ್ಪೆ. “ರೋಗಿಗಳಿಗೆಲ್ಲ ಎಣ್ಣೆ ಪದಾರ್ಥ ಬಿಡಿ ಅಂತಾರೆ ಅವರು. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ” ಅಂತ ನನ್ನ ಹತ್ತಿರ ಬಾಯಿ ಬಿಟ್ಟರು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರು ಒಂದೇ ಒಂದು ಸಲ ಜೇಬು ನೋಡದೆ ಹಾಕಿದ್ದರು. ಸತ್ತುಹೋದ ಒಬ್ಬರ ಅಂಗಿ ಅದು. ಮೂರು ದಿನ ಬಿಟ್ಟು ಹೆಂಡತಿ ಲಾಂಡ್ರಿ ಬಾಗಿಲಿಗೆ ಬಂದು, ಜೇಬಲ್ಲಿ ತನಗೆ ಬರೆದಿಟ್ಟ ಒಂದು ಕಾಗದ ಇತ್ತಂತೆ, ಪಕ್ಕದ ಹಾಸಿಗೆಯವರು ಹೇಳಿದರು, ಅಂದಳು. ಕಾಗದ ಆಗಲೇ ಮುದ್ದೆಯಾಗಿ ನೀರಿನ ಜೊತೆ ಹೋಗಿತ್ತು. “ಬೈದಿದ್ರೆ ಚೆನ್ನಾಗಿತ್ತು ಅಕ್ಕ. ಆಯಮ್ಮ ‘ಹೋಗ್ಲಿ ಬಿಡಮ್ಮ’ ಅಂದ್ಬಿಟ್ಲು. ಏನು ಬರೆದಿದ್ರೋ ಅವಳಿಗೆ ಗೊತ್ತಾಗ್ಲೇ ಇಲ್ವಲ್ಲ, ನನ್ನಿಂದ” ಅಂದರು. ಅಲ್ಲಿಂದ ಮುಂದೆ ಅವರ ಕೈ ಮುಟ್ಟದ ಜೇಬಿಲ್ಲ.

ಚೀಲ ಬಿಚ್ಚುವಂತಿಲ್ಲ ಅಂದಮೇಲೆ ಅವರು ಚೀಲವನ್ನೇ ಹೊರಗಿನಿಂದ ಒತ್ತಿ ನೋಡಲು ಶುರುಮಾಡಿದರು. ದಪ್ಪ ಗ್ಲೌಸ್ ಹಾಕಿದ ಕೈಯಲ್ಲಿ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ. ಜೊತೆಯವರು ನಗುತ್ತಿದ್ದರು. ಆ ಬೆಳಿಗ್ಗೆ ಒಂದು ಚೀಲದಲ್ಲಿ ಹುಣಸೆಬೀಜದಷ್ಟು ಗಟ್ಟಿ ಏನೋ ಬೆರಳಿಗೆ ಸಿಕ್ಕಿತು. ಗುಂಡಿ ಅಂದುಕೊಳ್ಳಬಹುದಿತ್ತು. ಮಷಿನ್ ಬಾಗಿಲು ತೆರೆದೇ ಇತ್ತು, ಹಿಂದೆ ಅರವತ್ತು ಚೀಲ ಕಾಯುತ್ತಿದ್ದವು. ಜೇಬಕ್ಕ ಮುಖದ ಗಾಜು ಸರಿಮಾಡಿಕೊಂಡು ಚೀಲ ಬಿಚ್ಚಿದರು.

ಸೂಪರ್‌ವೈಸರ್ ಕೂಗಾಡಿದ. “ನಿಂಗೆ ಜೀವದ ಮೇಲೆ ಆಸೆ ಇಲ್ವಾ? ನಮ್ಮನ್ನೂ ಕರ್ಕೊಂಡು ಹೋಗ್ತೀಯಾ?” ಅವನದೂ ತಪ್ಪಲ್ಲ, ಮನೆಯಲ್ಲಿ ಹಸುಗೂಸಿತ್ತು. ಜೇಬಕ್ಕ ಅಂಗಿ ಜೇಬಿಂದ ತೆಗೆದ ಕಿವಿ ಮಷಿನನ್ನು ಸ್ಪಿರಿಟ್‌ನಲ್ಲಿ ಒರೆಸಿ, ಊಟದ ಅರ್ಧ ಗಂಟೆಯನ್ನು ಗೋಡೆಯ ಫೋನಿನ ಮುಂದೆ ಕಳೆದರು. ಒಂದೊಂದೇ ವಾರ್ಡಿಗೆ ಫೋನ್. “ಕಿವಿ ಕೇಳದವರು ಯಾರಾದ್ರೂ ಇದ್ದಾರಾ?” ಎಲ್ಲ ಕಡೆಯಿಂದಲೂ ಒಂದೇ ಉತ್ತರ, “ಇಲ್ಲ, ಇಡು ಫೋನು.” ನಾಲ್ಕು ವಾರ್ಡ್ ಆದಮೇಲೆ ಜೇಬಕ್ಕ ಪ್ರಶ್ನೆ ಬದಲಿಸಿದರು.

“ಕಿವುಡ್ರು ಯಾರು ಅಂದ್ರೆ ಅವ್ರಿಗೆ ಹೆಂಗೆ ಗೊತ್ತಿರುತ್ತೆ ಅಕ್ಕ? ಮಷಿನ್ ನನ್ನ ಕೈಯಲ್ಲಿದೆ. ಅದಕ್ಕೇ, ತುಂಬ ಹಠ ಮಾಡೋರು ಯಾರಿದ್ದಾರೆ ಅಂತ ಕೇಳ್ದೆ” ಅಂತ ಆಮೇಲೆ ನನಗೆ ಹೇಳಿದರು.

ಏಳನೇ ವಾರ್ಡಿನ ನರ್ಸ್ ಅಂದಳು, “ಒಬ್ಬ ತಾತ ಇದ್ದಾರೆ ಜೇಬಕ್ಕ, ಸಾಕು ಸಾಕು ಮಾಡಿದ್ದಾರೆ. ತಲೆ ಕೆಟ್ಟಿದೆ. ಏನು ಹೇಳಿದ್ರೂ ‘ಏನು? ಏನು?’ ಅಂತ ಕಿರುಚ್ತಾರೆ.”

“ತಲೆ ಕೆಟ್ಟೋರು ‘ಏನು’ ಅಂತ ಕೇಳ್ತಾರಾ ತಾಯಿ? ಕೇಳ್ಸದೇ ಇದ್ದೋರು ಕೇಳ್ತಾರೆ” ಅಂದು ಜೇಬಕ್ಕ ಫೋನಿಟ್ಟು ಮೇಲೆ ಹತ್ತಿದರು.

ವಾರ್ಡಿನ ಒಳಗೆ ಅವರನ್ನು ಬಿಡುವುದಿಲ್ಲ. ನರ್ಸ್ ಕೈಗೆ ಕೊಟ್ಟು ಬಾಗಿಲ ಗಾಜಿನಲ್ಲಿ ನೋಡುತ್ತ ನಿಂತರು. ನರ್ಸ್ ಕಿವಿಗೆ ಸಿಕ್ಕಿಸಿದಳು, ಮಾತಾಡಿದಳು. ಉಪಯೋಗವಿಲ್ಲ. ಹಿಂದಿನ ಮಧ್ಯಾಹ್ನದಿಂದ ಆನ್ ಆಗಿಯೇ ಬಿದ್ದಿದ್ದರಿಂದ, ಮುಗಿಯಲು ಬಂದಿದ್ದ ಸೆಲ್ ಸತ್ತಿತ್ತು. ಅಂಥ ಪುಟ್ಟ ಸೆಲ್ ಆಸ್ಪತ್ರೆಯಲ್ಲಿರಲಿಲ್ಲ, ಅಂಗಡಿಗಳೆಲ್ಲ ಮುಚ್ಚಿದ್ದವು. ಅಷ್ಟರಲ್ಲಿ ಹಾಸಿಗೆಯ ಮುದುಕರು ಬಾಗಿಲ ಕಡೆ ಮುಖ ತಿರುಗಿಸಿದರು, ಜೇಬಕ್ಕನಿಗೆ ಗುರುತು ಹತ್ತಿತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ದಿನಾ ಕೂರುವ ಯಜಮಾನರು. “ಇವರ ಮನೆ ನಂಗೊತ್ತು. ಕೈ ಕಟ್ಟಬೇಡಿ, ನಾನು ಬರೋವರೆಗೆ ಕಾಯಿರಿ” ಅಂದರು.

ನಾಲ್ಕು ಗಂಟೆಗೆ ಅವರ ಪಾಳಿ ಮುಗಿಯಿತು. ಬಸ್ಸಿಲ್ಲ, ಆಟೋ ಇಲ್ಲ. ಎರಡೂವರೆ ಮೈಲಿ ನಡೆದು ಬಂದರು.

ನನ್ನ ಅಡುಗೆಮನೆಯ ಹಿಂಬಾಗಿಲು ಕಬ್ಬಿಣದ ಮೆಟ್ಟಿಲ ಕಡೆ ತೆರೆಯುತ್ತದೆ. ಆ ಬಾಗಿಲು ಬಡಿದಾಗ ಕೆಟ್ಟ ಸುದ್ದಿ ಮನುಷ್ಯರ ರೂಪದಲ್ಲೇ ಬಂತು ಅಂದುಕೊಂಡೆ. ತೆರೆದರೆ ಆಕೆ, ನಾಲ್ಕು ಮೆಟ್ಟಿಲು ಕೆಳಗೆ ನಿಂತಿದ್ದರು. ಮಾಸ್ಕಿನ ಗೆರೆ ಮೂಗಿನ ಮೇಲೆ ಹುಣ್ಣಾಗಿತ್ತು.

“ಹೆದರ್ಕೋಬೇಡಿ, ಹತ್ರ ಬರಲ್ಲ. ಅಪ್ಪಾವ್ರು ಇದ್ದಾರೆ, ಕಿವಿ ಮಷಿನ್ ಸಿಕ್ಕಿದೆ. ಅದಕ್ಕೆ ಸೆಲ್ ಬೇಕು, ಬೇಗ ಕೊಡಿ.”

ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಸೆಲ್ ಇರುವ ಡಬ್ಬಿ ಎಲ್ಲಿ ಅಂತ ಮರೆತು ಸಕ್ಕರೆ ಡಬ್ಬಿ ಹಿಡಿದು ನಿಂತೆ. ಕೊನೆಗೆ ಇಡೀ ಪ್ಯಾಕೆಟ್ ಸಿಕ್ಕಿತು, ಮೇಲಿನ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದೆ. ಅವರು ಬಂದು ತೆಗೆದುಕೊಂಡರು.

“ಸೆಲ್ ಮೇಲಿನ ಅಂಟುಕಾಗದ ಕಿತ್ತಮೇಲೆ ಒಂದು ನಿಮಿಷ ಗಾಳಿಗೆ ಇಟ್ಟು ಹಾಕ್ಬೇಕು” ಅಂದೆ. ಬೇರೆ ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದು ಅದು.

“ಸರಿ” ಅಂದು ಬಂದ ದಾರಿಯಲ್ಲೇ ಇಳಿದರು. ಮತ್ತೆ ಎರಡೂವರೆ ಮೈಲಿ. ಮೇಲೆ ಅವರ ಕೋಣೆಗೆ ಎರಡೇ ಮಹಡಿ ಇತ್ತು, ಹೋಗಿ ಒಂದು ಲೋಟ ನೀರು ಕುಡಿಯಲಿಲ್ಲ. ಕುಡಿಯಿರಿ ಅಂತ ನಾನೂ ಕೊಡಲಿಲ್ಲ.

ಆರೂಮುಕ್ಕಾಲಿಗೆ ಫೋನ್ ಬಂತು. ಆ ಕಡೆಯಿಂದ ಅಪ್ಪನದೇ ಧ್ವನಿ, ಮುರಿದು ಮುರಿದು. “ಈ ಜನ... ಬೋರಲು ಮಲ್ಕೋ ಅಂತ... ನಿನ್ನೆಯೇ ಹೇಳೋದಲ್ವಾ? ದೊಡ್ಡವರಾಗಿದ್ದಾರೆ, ಬುದ್ಧಿ ಬೇಡ್ವಾ!” ಡಾಕ್ಟರು ಫೋನ್ ತೆಗೆದುಕೊಂಡು, “ಈಗ ಹೇಳಿದ ಹಾಗೆ ಕೇಳ್ತಿದ್ದಾರೆ. ಕೈ ಕಟ್ಟಲ್ಲ. ನಮಗೆ ಗೊತ್ತಾಗ್ಲಿಲ್ಲಮ್ಮ, ಕ್ಷಮಿಸಿ” ಅಂದರು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಎರಡನೇ ಮಹಡಿಯ ಕಿಟಕಿ ಮುಚ್ಚಿದ ಸದ್ದಾಯಿತು.

ದಿಗ್ಬಂಧನ ಮುರಿಯುವಂತಿರಲಿಲ್ಲ. ಆದರೂ ಆ ಸಂಜೆ ಮಾಸ್ಕ್ ಹಾಕಿ, ಹಿಂದಿನ ಮೆಟ್ಟಿಲಿಳಿದು, ಕೆಳಗೆ ಅಂಟಿಸಿದ್ದ ನನ್ನ ಸುಂದರ ಅಕ್ಷರವನ್ನು ಹರಿದು ಬಂದೆ. ಬಾಲ್ಕನಿಯಿಂದ ಸೆಕ್ರೆಟರಿ, “ಮೇಡಂ, ನೀವು ಆಚೆ ಬರೋ ಹಾಗಿಲ್ಲ!” ಅಂತ ಕೂಗಿದರು. “ಬಂದಾಯ್ತು. ಹೋಗ್ತಾನೂ ಇದೀನಿ. ಇನ್ನೊಂದು ಬರೆಯೋದಾದ್ರೆ ನೀವೇ ಬರೀರಿ, ಓದೋಕೆ ಯಾರಿಗೂ ಆಗಲ್ಲ” ಅಂದೆ. ಸೆಕ್ರೆಟರಿ ಇನ್ನೊಂದು ಬರೆಯಲಿಲ್ಲ. ಒಂದು ವಾರ ಬಿಟ್ಟು ಅವರೇ ಲಿಫ್ಟ್ ಬಾಗಿಲು ಹಿಡಿದು ನಿಂತು ಜೇಬಕ್ಕನನ್ನು “ಬನ್ನಿ ಬನ್ನಿ” ಅಂದರಂತೆ. ಮನುಷ್ಯ ಕೆಟ್ಟವರಲ್ಲ, ಹೆದರಿದ್ದರು. ನಾನೂ ಹೆದರಿದ್ದೆ, ನನ್ನ ಹೆದರಿಕೆ ನೋಡಲು ಅಂದವಾಗಿತ್ತು ಅಷ್ಟೆ.

ಜೇಬಕ್ಕನಿಗೆ ಆಸ್ಪತ್ರೆಯಿಂದ ನೋಟಿಸು ಬಂದಿತ್ತು. ಕಟ್ಟಿದ ಚೀಲ ಬಿಚ್ಚಿ ನಿಯಮ ಮುರಿದದ್ದಕ್ಕೆ ಕಾರಣ ಬರೆದುಕೊಡಬೇಕು. ಅವರಿಗೆ ಬರೆದು ಅಭ್ಯಾಸವಿಲ್ಲ. ನಾನು ಬಾಗಿಲ ಒಳಗೆ, ಅವರು ಮೆಟ್ಟಿಲ ಮೇಲೆ ಕೂತು ಬರೆದೆವು. ನಾನು ‘ಮಾನ್ಯರೇ’ ಅಂತ ಶುರುಮಾಡಿ, ಕರುಣೆ, ಕರ್ತವ್ಯ ಅಂತ ಎರಡು ಪುಟ ತುಂಬಿಸಿ ಓದಿ ಹೇಳಿದೆ.

“ಇದೆಲ್ಲ ನಾನು ಹೇಳಿದ್ದಲ್ಲ ಅಕ್ಕ.”

“ಮತ್ತೇನು ಬರೀಲಿ?”

“ಚೀಲದಲ್ಲಿ ಗಟ್ಟಿ ಏನೋ ಇತ್ತು, ಅದು ಯಾರಿಗೋ ಬೇಕಾಗಿತ್ತು. ಅಷ್ಟೇ ಬರೀರಿ.”

ಅಷ್ಟೇ ಬರೆದೆ, ಇಪ್ಪತ್ತಾರು ವರ್ಷದಲ್ಲಿ ಬರೆದ ಎಲ್ಲಕ್ಕಿಂತ ಜಾಗ್ರತೆಯಿಂದ. ಆಗಲೇ ಕೆಳಗಿನ ಚೀಟಿ ಬರೆದದ್ದು ನಾನು ಅಂತಲೂ ಹೇಳಿದೆ. ಅವರು ಕಾಗದ ಮಡಚುತ್ತ, “ಗೊತ್ತು. ಸೈಕಲ್ ಚೀಟಿ ಅಕ್ಷರಾನೇ ಅಲ್ವಾ?” ಅಂದರು. ಗೊತ್ತಿದ್ದೂ ಅವತ್ತು ನಡೆದು ಬಂದಿದ್ದರು. ನಾನು “ತಪ್ಪಾಯ್ತು” ಅಂದೆ. ಅವರು, “ಬಿಡಿ, ಆ ಮೆಟ್ಟಿಲಲ್ಲಿ ಗಾಳಿ ಚೆನ್ನಾಗಿ ಬರುತ್ತೆ” ಅಂದರು. ಆ ನೋಟಿಸಿನ ಬಗ್ಗೆ ಆಮೇಲೆ ಯಾರೂ ಮಾತೆತ್ತಲಿಲ್ಲ. ಬದಲಿಗೆ ವಾರ್ಡಿನಲ್ಲಿ ಬಟ್ಟೆ ಬದಲಿಸುವಾಗಲೇ ಜೇಬು ನೋಡಬೇಕು ಅಂತ ಹೊಸ ನಿಯಮ ಬಂತು.

ಅಪ್ಪ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಸೆಲ್ ಮುಗಿದಾಗಲೆಲ್ಲ ಜೇಬಕ್ಕನೇ ಒಯ್ದರು. ಇಪ್ಪತ್ತನೇ ದಿನ ಅಪ್ಪ ಅರ್ಧ ತೂಕವಾಗಿ, ಪೂರ್ತಿ ಕೋಪದೊಂದಿಗೆ ಮನೆಗೆ ಬಂದರು. ಹೊಸ ಸೆಲ್ ಹಾಕಿದ ಮಷಿನ್ನಿನಲ್ಲಿ ಅವತ್ತು ಅವರಿಗೆ ಎಲ್ಲವೂ ಕೇಳಿಸುತ್ತಿತ್ತು. ಕೆಳಗಿನ ಮಹಡಿಯಲ್ಲಿ ಸೆಕ್ರೆಟರಿ ಸೀನಿದ್ದಕ್ಕೂ “ಯಾರದು, ಮಾಸ್ಕ್ ಹಾಕ್ಕೊಳ್ಳಯ್ಯ” ಅಂದರು.

ಸಂಜೆ ಜೇಬಕ್ಕ ಕೆಲಸ ಮುಗಿಸಿ ನೋಡಲು ಬಂದರು. ಮುಂಬಾಗಿಲಿಗೇ ಬಂದರು, ಆದರೆ ಹೊಸ್ತಿಲಾಚೆ ನಿಂತರು. ಒಳಗೆ ಬನ್ನಿ ಅಂತ ಮೂರು ಸಲ ಕರೆದೆ.

“ಬೇಡ ಅಕ್ಕ. ಆಸ್ಪತ್ರೆಯಿಂದ ಸೀದಾ ಬಂದಿದೀನಿ, ಇಲ್ಲಿಂದ್ಲೇ ಮಾತಾಡಿಸಿ ಹೋಗ್ತೀನಿ. ಹೇಗಿದ್ದೀರಾ ಅಪ್ಪಾವ್ರೇ?”

ಅಪ್ಪ ಅವರನ್ನೇ ನೋಡಿದರು. ಜೇಬಕ್ಕನನ್ನು ಹಿಂದಿನ ಮೆಟ್ಟಿಲಿಗೆ ಕಳಿಸಿದ ಚೀಟಿ ಯಾರದು ಅಂತ ಅಪ್ಪನಿಗೆ ನಾನು ಹೇಳಿದ್ದೆ. ನಿಧಾನವಾಗಿ ಕೈ ಎತ್ತಿ, ಕಿವಿಯಿಂದ ಮಷಿನ್ ತೆಗೆದು, ಸ್ಟೂಲಿನ ಮೇಲಿಟ್ಟರು. ಪಕ್ಕದ ಕುರ್ಚಿಯನ್ನು ತಟ್ಟಿದರು.

“ಅಲ್ಲಿಂದ ಹೇಳಿದ್ರೆ ನಂಗೆ ಕೇಳ್ಸಲ್ಲಮ್ಮ. ಹತ್ರ ಬಂದು ಕೂತ್ಕೊಂಡು ಹೇಳು.”

ಜೇಬಕ್ಕ ನನ್ನ ಮುಖ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು.